ಅಮಲ್ದಾರರಿಂದ ಚೀಫ್ ಕೋರ್ಟಿನವರೆಗೆ

ನಮ್ಮ ಕುದೂರಿನ ಬದುವಿನ ಜಗಳಗಳು ಮಾಗಡಿಯ ಕೋರ್ಟಿಗೆ ಹೋಗುತ್ತವೆ. ಮೈಸೂರು ಸಂಸ್ಥಾನದಲ್ಲಿ ಈ ದಾರಿ ಬೇರೆಯೇ ಇತ್ತು. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆತ್ತಿಕೊಂಡ ಮೇಲೂ ಕಂದಾಯ ವಸೂಲು ಮಾಡುವ ಅಮಲ್ದಾರರೇ ತಾಲ್ಲೂಕಿನ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಅವರ ಮೇಲೆ ಮುನ್ಸೀಫರು, ವಿಭಾಗದ ಸೂಪರಿಂಟೆಂಡೆಂಟರು, ಬೆಂಗಳೂರಿನಲ್ಲಿ ಹುಜೂರ್ ಅದಾಲತ್ತು ಎಂಬ ಮೇಲ್ಮನವಿ ನ್ಯಾಯಾಲಯ. ಕಂದಾಯ ಬಾಕಿ ಉಳಿಸಿಕೊಂಡ ರೈತ ಅದೇ ಅಮಲ್ದಾರರೆದುರು ಧೈರ್ಯವಾಗಿ ಬಾಯಿ ಬಿಟ್ಟಾನೆಯೇ? ನನ್ನನ್ನು ಕಾಡುವುದು ಇದೇ.

1856ರಲ್ಲಿ ಅದಾಲತ್ತು ಹೋಗಿ ಜುಡಿಷಿಯಲ್ ಕಮಿಷನರ್ ಬಂದರು. ಮೇಲ್ಮನವಿಗಳ ಭಾರ ಒಬ್ಬರ ಹೆಗಲಿಗೆ ಬಿತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಒಬ್ಬರ ಬದಲು ಮೂವರು ಎಂಬುದೇ ನನಗೆ ದೊಡ್ಡ ಸುಧಾರಣೆಯಾಗಿ ಕಾಣುತ್ತದೆ. 1930ರಲ್ಲಿ ಅದು ಹೈಕೋರ್ಟ್ ಆಯಿತು.