ಬೆನ್ನಚೀಲ ಹೊತ್ತು ಪಡುಗಡಲ ದ್ವೀಪಗಳಿಗೆ

ನಮ್ಮ ಮೂಗೂರಿನ ಸೀಮೆಯವರಿಗೆ ನೀರೆಂದರೆ ಹೊಳೆಯ ನೀರು. ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ಸಮೀಪದಲ್ಲಿಯೇ ಇರುವುದರಿಂದ ಸ್ನಾನಕ್ಕೂ ತರ್ಪಣಕ್ಕೂ ಬೇಸಾಯಕ್ಕೂ ಆ ಎರಡು ನದಿಗಳೇ ನಮಗೆ ಆಧಾರ. ಸಮುದ್ರವನ್ನು ಕಣ್ಣಾರೆ ಕಾಣದೆಯೇ ತಲೆ ನರೆತ ಹಿರಿಯರು ಈ ಕಡೆಯ ಹಳ್ಳಿಗಳಲ್ಲಿ ಈಗಲೂ ಅಪರೂಪವಲ್ಲ. ಅಂಥ ಮನೆಗಳಲ್ಲಿ ಬೆಳೆದು ಕಾಲೇಜು ಸೇರಿದ ಹುಡುಗ ಹುಡುಗಿಯರು ಇಂದು ಬೆನ್ನಿಗೊಂದು ಚೀಲವನ್ನು ಕಟ್ಟಿಕೊಂಡು, ಪಡುಗಡಲಿನ ದ್ವೀಪಗಳನ್ನು ಸುತ್ತಿ ಬರುತ್ತೇವೆಂದು ಹೊರಟು ನಿಲ್ಲುವರು. ಹೋಗಿ ಬನ್ನಿರೆನ್ನಲು ತಾಯಂದಿರಿಗೆ ನಾಲಗೆ ಏಳದು. ಬೇಡವೆನ್ನಲು ಮನಸ್ಸೂ ಬಾರದು. ಈ ಇಕ್ಕಟ್ಟಿನಲ್ಲಿ ಸಿಲುಕಿದ ಗೃಹಸ್ಥರಿಗೆ ಉಪಯೋಗವಾದೀತೆಂಬ ಎಣಿಕೆಯಿಂದ ಆ ದ್ವೀಪಗಳ ವಿಚಾರವಾಗಿ ನಾವು ತಿಳಿದಷ್ಟನ್ನು ಇಲ್ಲಿ ಬರೆಯುವೆವು.

ನಮ್ಮ ಕಪಿಲೆಯು ಹುಟ್ಟುವುದು ವಯನಾಡಿನ ಬೆಟ್ಟಗಳಲ್ಲಿ. ಅಲ್ಲಿಂದ ಪಡುಗಡಲು ಬಹು ದೂರವೇನಲ್ಲ. ಆದರೂ ಆ ನದಿಯು ಅತ್ತ ಮುಖ ಮಾಡದೆ ಪೂರ್ವಕ್ಕೆ ತಿರುಗಿ, ಕಾವೇರಿಯೊಡನೆ ಬೆರೆತು, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುವುದು. ಹೊಳೆಯು ಒಲ್ಲೆನೆಂದ ದಿಕ್ಕನ್ನೇ ನಾವು ಹಿಡಿಯಬೇಕಾಗಿದೆ. ಮೈಸೂರಿನಿಂದ ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರುಗಳ ಮೇಲೆ ಮಂಗಳೂರಿಗೆ ಬಸ್ಸುಗಳುಂಟು. ಮಂಗಳೂರಿನಿಂದ ಉತ್ತರಕ್ಕೆ ಉಡುಪಿ, ಕುಂದಾಪುರ, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಕಾರವಾರಗಳವರೆಗೆ 1998ರಲ್ಲಿ ಪೂರ್ತಿಯಾದ ಕೊಂಕಣ ರೈಲುಮಾರ್ಗವು ಕಡಲನ್ನು ಅನುಸರಿಸಿಕೊಂಡೇ ಸಾಗುವುದು. ಬೇಕಾದಲ್ಲಿ ಇಳಿದು, ಬೇಕಾದಷ್ಟು ನಡೆದು, ಮತ್ತೆ ಹತ್ತಬಹುದು. ಬೆನ್ನಚೀಲದ ಪ್ರವಾಸಿಗೆ ಇದಕ್ಕಿಂತ ಅನುಕೂಲವಾದ ದಾರಿ ಬೇರೆ ಇರಲಾರದು.

ಚೀಲಕ್ಕೆ ಏನನ್ನು ತುಂಬಬೇಕೆಂಬುದು ಗೃಹಿಣಿಯರ ಅಧಿಕಾರಕ್ಕೆ ಸೇರಿದ ವಿಷಯ. ಆದರೂ ಒಂದೆರಡು ಮಾತು. ಕರಾವಳಿಯ ಸೆಖೆಯಲ್ಲಿ ಅನ್ನದ ಪದಾರ್ಥಗಳು ಬಹು ಬೇಗ ಹಳಸುವುವು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಬೆಲ್ಲ ಇವು ಕೆಡುವುದಿಲ್ಲ. ದ್ವೀಪಗಳಲ್ಲಿ ಕುಡಿಯುವ ನೀರು ದೊರೆಯುವುದೆಂದು ನಂಬಬಾರದು. ಒಬ್ಬೊಬ್ಬರಿಗೂ ಎರಡು ಲೀಟರಿನಷ್ಟಾದರೂ ಚೀಲದಲ್ಲಿರಲಿ. ತಲೆಗೆ ಅಗಲವಾದ ಟೋಪಿ, ತೋಳು ಮುಚ್ಚುವ ಹತ್ತಿಯ ಅಂಗಿ, ಒದ್ದೆಯಾದರೂ ಜಾರದ ಪಾದರಕ್ಷೆ ಇವನ್ನು ಮರೆಯಬಾರದು. ನಾಲ್ಕು ಜೊತೆ ಬಟ್ಟೆಯನ್ನು ತುರುಕುವ ಮಮತೆಯನ್ನು ಮಾತ್ರ ತಾಯಂದಿರು ಬಿಡಬೇಕೆಂದು ಕೋರುವೆವು. ಹೊರುವವರು ಅವರಲ್ಲವಷ್ಟೆ!

ಮೊದಲು ನೋಡತಕ್ಕದ್ದು ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳು. ಊರಿನವರು ಇವುಗಳಲ್ಲಿ ಮುಖ್ಯವಾದುದನ್ನು ತೋನ್ಸೆಪಾರ್ ಎಂದು ಕರೆಯುವರು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಶಿಲುಬೆಯೊಂದನ್ನು ನಿಲ್ಲಿಸಿ ಮೇರಿಯಮ್ಮನ ಹೆಸರಿಟ್ಟನೆಂದು ಪ್ರತೀತಿಯುಂಟು. ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರ. ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ತೆಂಗಿನ ಮರಗಳಿರುವ ಮುಖ್ಯ ದ್ವೀಪವು ಉದ್ದದಲ್ಲಿ ಅರ್ಧ ಕಿಲೋಮೀಟರಿನಷ್ಟೇ ಇರುವುದರಿಂದ ಒಂದು ಗಂಟೆಯಲ್ಲಿ ನಿಧಾನವಾಗಿ ಸುತ್ತಿ ಬರಬಹುದು. ಅಲ್ಲಿ ಜನವಸತಿಯಿಲ್ಲ, ರಾತ್ರಿ ತಂಗಲು ಅಪ್ಪಣೆಯೂ ಇಲ್ಲ.

ಇಲ್ಲಿಯ ಬಂಡೆಗಳನ್ನು ನೋಡಿದವರು ಯಾರೋ ಶಿಲ್ಪಿಗಳು ಕಂಬಗಳನ್ನು ಕಡೆದು ಒತ್ತೊತ್ತಾಗಿ ನಿಲ್ಲಿಸಿದರೆಂದು ಭ್ರಮಿಸುವರು. ಐದು, ಆರು, ಏಳು ಮುಖಗಳುಳ್ಳ ಕಲ್ಲಿನ ಕಂಬಗಳು ನೆಟ್ಟಗೆ ನಿಂತಿವೆ. ಕೆಲವು ಆಳೆತ್ತರವನ್ನೂ ಮೀರಿವೆ. ಇದು ಯಾರ ಕೆಲಸವೂ ಅಲ್ಲ. ಬೇಸಗೆಯಲ್ಲಿ ನಮ್ಮ ಕೆರೆಯಂಗಳದ ಕೆಸರು ಒಣಗಿ ಬಿರಿದಾಗ ಬಹುಮುಖದ ಹೆಂಟೆಗಳಾಗುವುದನ್ನು ಎಲ್ಲರೂ ಕಂಡಿದ್ದಾರೆ. ನೆಲದೊಳಗಿನಿಂದ ಉಕ್ಕಿಬಂದ ಲಾವಾರಸವು ತಣಿಯುತ್ತ ಕುಗ್ಗಿದಾಗಲೂ ಹೀಗೆಯೇ ಬಿರಿಯಿತು. ಆ ಬಿರುಕುಗಳು ಮೇಲಿನಿಂದ ಕೆಳಗಿನವರೆಗೂ ಇಳಿದು ಕಂಬಗಳಾದುವು. ಇದು ನಡೆದುದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಆಗ ಮಡಗಾಸ್ಕರ್ ದ್ವೀಪವು ನಮ್ಮ ದೇಶಕ್ಕೆ ಅಂಟಿಕೊಂಡಿದ್ದು, ಬೇರ್ಪಡುತ್ತಿದ್ದ ಕಾಲವೆಂದು ಭೂಗರ್ಭಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ಶಿಲಾಸ್ತಂಭಗಳನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಇಷ್ಟು ಹಳೆಯ ಕಲ್ಲೇ ಎಂದು ಬೆರಗಾಗುವ ನಮ್ಮವರು ಒಂದು ಸಂಗತಿಯನ್ನು ತಿಳಿಯಬೇಕು. ನಮ್ಮ ಮೈಸೂರು ಸೀಮೆಯ ಹೊಲಗಳ ಅಡಿಯಲ್ಲಿರುವ ಬಂಡೆಯಲ್ಲಿ ಬಹುಭಾಗವು 250 ಕೋಟಿ ವರ್ಷಗಳಿಗೂ ಹಿಂದಿನದು. ಅದರ ಮುಂದೆ ಈ ಕಂಬಗಳು ಎಳೆಯ ಮಕ್ಕಳು.

ಇಲ್ಲಿಯ ತೀರದಲ್ಲಿ ಕಾಲಿಡುವಾಗ ಒಂದು ವಿಶೇಷವನ್ನು ಗಮನಿಸಬೇಕು. ತಲಕಾಡಿನ ಮರಳು ಕಲ್ಲು ಸವೆದು ಆದದ್ದು. ಹೊಳೆ ತಂದು ಗಾಳಿ ಹರಡಿದ್ದು. ಇಲ್ಲಿ ಕಾಲಿನ ಕೆಳಗೆ ಗರಗರನೆ ಸದ್ದಾಗುವುದು ಮರಳಿಗಿಂತ ಹೆಚ್ಚಾಗಿ ಚಿಪ್ಪಿನ ಚೂರು. ಎಷ್ಟೋ ಪ್ರಾಣಿಗಳು ಬಾಳಿ ಬಿಟ್ಟುಹೋದ ಮನೆಗಳು ಅವು. ಇಳಿತದ ಸಮಯದಲ್ಲಿ ಬಂಡೆಯ ಸಂದುಗಳಲ್ಲಿ ನಿಂತ ನೀರನ್ನು ಕುಕ್ಕರಗಾಲಿನಲ್ಲಿ ಕುಳಿತು ಹತ್ತು ನಿಮಿಷ ಸುಮ್ಮನೆ ನೋಡಿದರೆ ಒಂದು ಲೋಕವೇ ತೆರೆದುಕೊಳ್ಳುವುದು. ಬಂಡೆಗೆ ಸುಣ್ಣದ ಗುಬ್ಬಿಯಂತೆ ಅಂಟಿದ ಸಣ್ಣ ಜೀವಿಗಳು ನೀರು ಬಂದಾಗ ಬಾಯ್ದೆರೆದು ಗರಿಯಂಥ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುವುವು, ನೀರು ಇಳಿದೊಡನೆ ಬಾಗಿಲಿಕ್ಕಿಕೊಳ್ಳುವುವು. ಊರಿನವರು ಪಚ್ಚಿಲೆಯೆನ್ನುವ ಹಸುರು ಚಿಪ್ಪಿನ ಪ್ರಾಣಿಯು ನೂಲಿನಂಥ ಎಳೆಗಳಿಂದ ತನ್ನನ್ನು ಕಲ್ಲಿಗೆ ಬಿಗಿದುಕೊಂಡಿರುವುದು. ನಡೆದಾಡುವ ಶಂಖವೊಂದು ಕಂಡರೆ ಅದು ಶಂಖದ ಹುಳುವೇ ಆಗಿರಬೇಕೆಂದಿಲ್ಲ. ಮೆತ್ತನೆಯ ಹೊಟ್ಟೆಯನ್ನು ಮರೆಮಾಡಲು ಖಾಲಿ ಚಿಪ್ಪನ್ನು ಹುಡುಕಿ ಒಳಹೊಕ್ಕ ಏಡಿಯಾಗಿರಬಹುದು. ಮೈ ಬೆಳೆದಂತೆ ಅದು ದೊಡ್ಡ ಚಿಪ್ಪಿಗೆ ಮನೆ ಬದಲಾಯಿಸುತ್ತ ಹೋಗುವುದು.

ಆದುದರಿಂದ ಮನೆಗೆ ಚಿಪ್ಪು ಶಂಖಗಳನ್ನು ಚೀಲ ತುಂಬ ತರುವ ಆಸೆಯನ್ನು ಮಕ್ಕಳಲ್ಲಿ ಬೆಳೆಸದಿರುವುದು ಲೇಸು. ಚೌಕಾಬಾರದ ಕವಡೆ ಅಂಗಡಿಯಲ್ಲೇ ದೊರೆಯುವುದು. ತೀರದಲ್ಲಿ ಆಯ್ದ ಒಂದೊಂದು ಚಿಪ್ಪೂ ಒಂದು ಏಡಿಗೆ ತಪ್ಪಿದ ಮನೆ. ಅಷ್ಟೇ ಅಲ್ಲ, ಹವಳವನ್ನೂ ಕಡಲಾಮೆಯನ್ನೂ ಕೆಲವು ಜಾತಿಯ ಶಂಖಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಕ್ಷಿಸುತ್ತದೆ. ಸತ್ತು ದಡಕ್ಕೆ ಬಿದ್ದ ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ.

ಇನ್ನು ಹಿರಿಯರ ಅಂಜಿಕೆಯ ಮಾತು. ಅದು ನಿರಾಧಾರವಾದುದಲ್ಲ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಬಂಡೆಯ ಮೇಲಿನಿಂದ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಬಯಲು ಸೀಮೆಯ ಮಕ್ಕಳಿಗೆ ಈಜು ಬಾರದೆಂಬುದು ಒಂದು ಕಾರಣ. ಬಂದರೂ ಸಾಲದೆಂಬುದು ಅದಕ್ಕಿಂತ ಮುಖ್ಯ. ಹೊಳೆಯ ಸುಳಿಯನ್ನು ಬಲ್ಲವನು ಕಡಲಿನ ಸೆಳೆತವನ್ನು ಬಲ್ಲವನಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕು. ಅದು ತೀರದುದ್ದಕ್ಕೂ ಸಮನಾಗಿ ಹಿಂದಿರುಗದೆ, ಮರಳಿನ ದಿಣ್ಣೆಗಳ ನಡುವೆ ಇಕ್ಕಟ್ಟಾದ ಕಾಲುವೆಯೊಂದನ್ನು ಮಾಡಿಕೊಂಡು ಒಳಗಡಲಿಗೆ ನುಗ್ಗುವುದು. ಆ ಕಾಲುವೆಯ ಮೇಲೆ ಅಲೆಗಳು ಒಡೆಯುವುದಿಲ್ಲ. ಅಕ್ಕಪಕ್ಕದಲ್ಲಿ ನೊರೆ ಎದ್ದಿರುವಾಗ ಅದೊಂದು ಸ್ಥಳ ಮಾತ್ರ ಶಾಂತವಾಗಿ ಕಾಣುವುದು. ಅರಿಯದವರು ಅಲ್ಲಿಯೇ ಇಳಿಯುವರು!

ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಿದರೆ ಎಂಥ ಜಟ್ಟಿಯಾದರೂ ಸೋಲುವನು. ಸೆಳೆತವು ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುವುದು. ಗಾಬರಿಗೊಳ್ಳದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಕಾಲುವೆಯಿಂದ ಹೊರಬಿದ್ದು, ಅಲೆ ಒಡೆಯುವ ಕಡೆಯಿಂದ ತೀರಕ್ಕೆ ಬರಬೇಕು. ಈಜಲಾರದವನು ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ಹಿಂದೆಮುಂದೆ ನೋಡದೆ ನೀರಿಗೆ ಧುಮುಕಿ ತಾವೂ ಸಿಕ್ಕಿಕೊಳ್ಳದೆ, ಕಾವಲಿನವರನ್ನು ಕರೆದು, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು. ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲಷ್ಟು ನೀರಿಗೂ ಇಳಿಯಕೂಡದು. ಮಕ್ಕಳನ್ನು ಕಳುಹಿಸುವ ಮುನ್ನ ಈ ಮಾತುಗಳನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿರಿ; ಹತ್ತು ಸಲ ಜಾಗ್ರತೆ ಜಾಗ್ರತೆ ಎನ್ನುವುದಕ್ಕಿಂತ ಇದು ಹೆಚ್ಚಿನ ಫಲ ಕೊಡುವುದು.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ಒಳಗಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಕಡಿದಾದ ಬಂಡೆ, ಮೇಲೆ ಕಾಡು. ನೌಕಾಪಡೆಯವರು ಗುರಿಯಭ್ಯಾಸಕ್ಕೆ ಇದನ್ನು ಬಳಸಿದ್ದುಂಟು. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುವುದು. ಪ್ರವಾಸಿಗರ ದೋಣಿಗಳು ದ್ವೀಪದ ಪಕ್ಕದಲ್ಲಿ ಲಂಗರು ಹಾಕಿ, ನೋಡಬಯಸುವವರನ್ನು ನೀರಿಗೇ ಇಳಿಸುವುವು. ಇಲ್ಲಿ ನೋಡತಕ್ಕದ್ದೆಲ್ಲವೂ ನೀರಿನ ಕೆಳಗೇ ಇರುವುದು. ಪುನೀತ್ ರಾಜಕುಮಾರರು ಇಲ್ಲಿ ಮುಳುಗಿ ಕಂಡ ದೃಶ್ಯಗಳನ್ನು 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಚಿತ್ರದಲ್ಲಿ ವಾಚಕರಲ್ಲಿ ಅನೇಕರು ನೋಡಿರಬಹುದು.

ನವರತ್ನದ ಉಂಗುರದಲ್ಲಿರುವ ಹವಳವು ನಮಗೆ ಪರಿಚಿತ. ಅದು ಪ್ರಾಣಿಯ ಮನೆಯೆಂಬುದು ಅಷ್ಟು ಪರಿಚಿತವಲ್ಲ. ಸಾಸಿವೆ, ಕಡಲೆಗಳ ಗಾತ್ರದ ಮೆತ್ತನೆಯ ಜೀವಿಗಳು ಸಾವಿರಗಟ್ಟಲೆ ಒತ್ತಾಗಿ ಕುಳಿತು ಸುಣ್ಣವನ್ನು ಸ್ರವಿಸಿ ಹವಳದ ದಿಬ್ಬಗಳನ್ನು ಕಟ್ಟುವುವು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯು ಬಾಡಿಗೆಗಿರುವುದು. ಪಾಚಿಯು ಬಿಸಿಲಿನಿಂದ ಅಡಿಗೆ ಮಾಡಿ ಬಡಿಸುವುದು, ಹವಳದ ಜೀವಿಯು ಆಶ್ರಯ ಕೊಡುವುದು. ಬಣ್ಣವೂ ಬಹುಮಟ್ಟಿಗೆ ಪಾಚಿಯದೇ. ನೀರಿನ ಶಾಖವು ವಾಡಿಕೆಯ ಬೇಸಗೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಈ ಸಂಸಾರ ಒಡೆಯುವುದು. ಪಾಚಿಯು ಹೊರಬೀಳುವುದು, ಹವಳವು ಬೆಳ್ಳಗಾಗಿ, ಶಾಖವು ಇಳಿಯದಿದ್ದರೆ ಹಸಿದು ಸಾಯುವುದು. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ಹವಳಗಳು ಅಪಾರವಾಗಿ ನಾಶವಾದುವು. ನೇತ್ರಾಣಿಯಲ್ಲಿ ಗಿಳಿಯ ಕೊಕ್ಕಿನಂಥ ಬಾಯುಳ್ಳ ಗಿಳಿಮೀನನ್ನು ಕಾಣಬಹುದು. ಅದು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಸುಣ್ಣವನ್ನೂ ಅರೆದು ನುಂಗಿ, ಬಿಳಿಯ ಮರಳನ್ನಾಗಿ ವಿಸರ್ಜಿಸುವುದು. ಉಷ್ಣವಲಯದ ದ್ವೀಪಗಳ ಅಂದವಾದ ಬೆಳ್ಳನೆಯ ತೀರಗಳಲ್ಲಿ ಒಂದು ಪಾಲು ಈ ಮೀನಿನ ಹೊಟ್ಟೆಯಿಂದ ಬಂದದ್ದೆಂದು ಹೇಳಿದರೆ ನಮ್ಮ ಮನೆಯ ಮಕ್ಕಳು ಬಹಳ ಹೊತ್ತು ನಕ್ಕರು.

ಮುಳುಗುವವರು ಶಿಕ್ಷಕನ ಕೈ ಬಿಡಕೂಡದು; ಮೇಲೇರುವಾಗ ಉಸಿರನ್ನು ಬಿಗಿಹಿಡಿಯಕೂಡದು. ನೆಗಡಿ, ಕಿವಿನೋವು, ಉಬ್ಬಸ, ಹೃದಯದ ತೊಂದರೆಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಘಟ್ಟದ ಮೇಲಿನವರಾದ ನಾವು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೇರಿದರೆ ಅದು ಗುಳ್ಳೆಗಳಾಗಿ ಅಪಾಯ ತರುವುದು. ಒಂದೇ ಬಾರಿ ಮುಳುಗಿದವರು 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಳೆಯುವವರೆಗೆ ವಿಮಾನವೇರಬಾರದೆಂದು ನಿಯಮ. ಮಡಿಕೇರಿಯ ಘಾಟಿಗೂ ಇದೇ ಎಚ್ಚರಿಕೆ ಒಳ್ಳೆಯದು. ಆ ರಾತ್ರಿ ಕಡಲ ತೀರದಲ್ಲಿಯೇ ತಂಗಿ ಮರುದಿನ ಹೊರಡತಕ್ಕದ್ದು.

ಕಾರವಾರದ ಕೂರ್ಮಗಡವು ಹೆಸರಿಗೆ ತಕ್ಕಂತೆ ಆಮೆಯ ಆಕಾರದ ದ್ವೀಪ. ಗುಂಜಾ ನರಸಿಂಹಸ್ವಾಮಿಯ ಊರಿನ ನೆರೆಯವರಾದ ನಮಗೆ ಅಲ್ಲಿಯೂ ನರಸಿಂಹನೇ ದೇವರೆಂಬುದು ಸಂತೋಷದ ಸಂಗತಿ. ಜನವರಿಯ ಸುಮಾರಿಗೆ ಪುಷ್ಯ ಮಾಸದಲ್ಲಿ ಜಾತ್ರೆ ನಡೆಯುವುದು; ಭಕ್ತರು ದೋಣಿಗಳಲ್ಲಿ ಹೋಗಿ ಬರುವರು. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ದೇವರ ಕಾರ್ಯವೆಂದು ದೋಣಿಯವನ ಮೇಲೆ ಒತ್ತಾಯ ಹಾಕಿ ಇನ್ನಿಬ್ಬರನ್ನು ಹತ್ತಿಸುವ ವಾಡಿಕೆ ನಮ್ಮ ಜನಕ್ಕೆ ಎಲ್ಲೆಲ್ಲಿಯೂ ಉಂಟು. ತೇಲುವ ಅಂಗಿ ಕೊಡದ ದೋಣಿಯನ್ನು ಯಾರೂ ಹತ್ತಬಾರದು. ಕೊಟ್ಟುದನ್ನು ಸೆಖೆಯೆಂದು ಬಿಚ್ಚಿಡಲೂಬಾರದು.

ಮುಂಗಾರಿನ ತಿಂಗಳುಗಳಲ್ಲಿ ಈ ದ್ವೀಪಗಳಿಗೆ ದೋಣಿ ನಡೆಯುವುದಿಲ್ಲ. ಅಕ್ಟೋಬರಿನಿಂದ ಆಚೆಗೆ ಹೋಗುವುದು ಸರಿ; ಜನವರಿ, ಫೆಬ್ರವರಿಗಳು ಎಲ್ಲಕ್ಕಿಂತ ಉತ್ತಮ. ಕುಂದಾಪುರ, ಹೊನ್ನಾವರ, ಕಾರವಾರಗಳ ಮರಳಿಗೆ ಆಗ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿಯಲ್ಲಿ ಏರಿಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುವುವು. ಅರಣ್ಯ ಇಲಾಖೆಯವರೂ ಮೀನುಗಾರರೂ ಆ ಗುಂಡಿಗಳಿಗೆ ಬಲೆಯ ಬೇಲಿ ಕಟ್ಟಿ ನಾಯಿ ನರಿಗಳಿಂದ ಕಾಯುವರು. ಮರಳು ಬೆಚ್ಚಗಿದ್ದಷ್ಟೂ ಹೆಣ್ಣುಮರಿಗಳು ಹೆಚ್ಚು, ತಂಪಾಗಿದ್ದಷ್ಟೂ ಗಂಡು. ಏಳೆಂಟು ವಾರಗಳಲ್ಲಿ ಮರಿಗಳು ಹೊರಬಂದು ಕಡಲಿನ ಮೇಲಿನ ಮಂದವಾದ ಬೆಳಕನ್ನೇ ಗುರುತಾಗಿಟ್ಟುಕೊಂಡು ಹೊರಡುವುವು. ತೀರದಲ್ಲಿ ಉರಿಯುವ ದೀಪಗಳು ಅವಕ್ಕೆ ದಿಕ್ಕು ತಪ್ಪಿಸುವುವು. ಆದಕಾರಣ ಆ ತಿಂಗಳುಗಳಲ್ಲಿ ರಾತ್ರಿಯ ತೀರದಲ್ಲಿ ನಡೆಯುವವರು ಕೈದೀಪವನ್ನು ಆರಿಸಿಕೊಂಡು, ಬೆಳುದಿಂಗಳಿದ್ದರೆ ಅದರಲ್ಲಿಯೇ, ನೋಡಿ ಹೆಜ್ಜೆಯಿಡಬೇಕೆಂದು ಅಲ್ಲಿಯ ಕಾವಲುಗಾರರು ಕೇಳಿಕೊಳ್ಳುವರು.