ಹಲ್ಲಿಲ್ಲದ ಡೋರಿಸ್‌ಗಳು

1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ವಾಲ್ಟರ್ ಎಲಿಯಟರು ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದುದು ಇತಿಹಾಸಾಭ್ಯಾಸಿಗಳಿಗೆ ಗೊತ್ತೇ ಇದೆ. ಅವರೇ 1850ರ ದಶಕದಲ್ಲಿ ವಿಶಾಖಪಟ್ಟಣದ ವಾಲ್ಟೇರ್ ತೀರದಲ್ಲಿ ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನೂ ಸಂಗ್ರಹಿಸಿದರೆಂಬುದು ಅಷ್ಟು ಪ್ರಸಿದ್ಧವಲ್ಲ. ನ್ಯೂಕಾಸಲ್ ನಗರದ ಜೋಷುವ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ ಆ ಸಂಗ್ರಹವನ್ನು ಪರೀಕ್ಷಿಸಿ 1864ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು.

ಅದರಲ್ಲಿದ್ದ ಕೆಲವು ಪ್ರಾಣಿಗಳು ಹೊರನೋಟಕ್ಕೆ ಸಾಕ್ಷಾತ್ ಡೋರಿಸ್‌ಗಳೇ. ಚಪ್ಪಟೆಯಾದ ಅಂಡಾಕಾರದ ದೇಹ. ತಲೆಯ ಮೇಲೆ ವಾಸನೆಯನ್ನು ಗ್ರಹಿಸುವ ಎರಡು ಕೊಂಬುಗಳು. ಬೆನ್ನಿನ ಹಿಂಭಾಗದಲ್ಲಿ ಗುದದ್ವಾರವನ್ನು ಸುತ್ತುವರಿದು ಹೂವಿನಂತೆ ಅರಳಿದ ಕಿವಿರುಗಳು. ಆದರೆ ಕೊಯ್ದು ನೋಡಿದಾಗ ಒಳಗಿನ ಕಥೆಯೇ ಬೇರೆ. ಸಾಮಾನ್ಯ ಡೋರಿಸ್‌ನ ಬಾಯೊಳಗೆ ಅರದಂತೆ ಸಾಲುಸಾಲಾಗಿ ಸೂಕ್ಷ್ಮ ಹಲ್ಲುಗಳಿರುವ ಪಟ್ಟಿಯೊಂದಿರುತ್ತದೆ. ರಾಡ್ಯುಲವೆಂಬ ಈ ಪಟ್ಟಿಯಿಂದ ಅದು ಸ್ಪಂಜುಗಳನ್ನು ಕೆರೆದು ತಿನ್ನುತ್ತದೆ. ಇಲ್ಲಿ ರಾಡ್ಯುಲವೂ ಇಲ್ಲ, ದವಡೆಯೂ ಇಲ್ಲ. ಬಾಯಿ ಒಂದು ಸಣ್ಣ ರಂಧ್ರ ಮಾತ್ರ. ಅದರ ಹಿಂದೆ ಮಾಂಸಲವಾದ ನೀಳ ನಳಿಗೆ. ಪ್ರಾಣಿಯು ಈ ನಳಿಗೆಯನ್ನು ಹೊರಚಾಚಿ, ಜೀರ್ಣರಸದಿಂದ ಮೆತ್ತಗಾದ ಸ್ಪಂಜನ್ನು ಹೀರಿಕೊಳ್ಳುತ್ತದೆ. ತಿನ್ನುವ ಆಹಾರ ಅದೇ, ತಿನ್ನುವ ಬಗೆ ಪೂರ್ತಿ ಬೇರೆ.

‘ಡೋರಿಸ್‌ನಂತೆ ತೋರುವುದು’ ಎಂಬರ್ಥದಲ್ಲಿ ಅವರು ಇದನ್ನು ಡೋರಿಡಾಪ್ಸಿಸ್ ಎಂದು ಕರೆದರು. 1865ರಲ್ಲಿ ಹ್ಯಾನ್‌ಕಾಕ್ ಇದರ ಅಂಗರಚನೆಯನ್ನೇ ಕುರಿತು ಬೇರೊಂದು ಪ್ರಬಂಧ ಬರೆದರು. ಆದರೂ ಆ ಹೆಸರು ನಿಲ್ಲಲಿಲ್ಲ. ಎಹ್ರನ್‌ಬರ್ಗ್ 1831ರಲ್ಲಿಯೇ ಇದೇ ಕುಲಕ್ಕೆ ಡೆಂಡ್ರೊಡೋರಿಸ್ ಎಂಬ ಹೆಸರನ್ನಿಟ್ಟಿದ್ದರು. ಒಳಗನ್ನು ಅಷ್ಟು ಶ್ರದ್ಧೆಯಿಂದ ಕಂಡವರ ಹೆಸರು ಬಿದ್ದುಹೋದುದು ನನಗೆ ನ್ಯಾಯವೆನಿಸುವುದಿಲ್ಲ, ನಿಯಮವೇನೋ ಸರಿಯೇ.

1924ರಲ್ಲಿ ಓಡೊನಹ್ಯೂ ಸ್ಥಾಪಿಸಿದ ಡೆಂಡ್ರೊಡೋರಿಡಿಡೀ ಕುಟುಂಬದಲ್ಲಿ ಮುಖ್ಯವಾದ ಕುಲಗಳು ಎರಡು. ಡೆಂಡ್ರೊಡೋರಿಸ್‌ನ ಮೈ ಮೆತ್ತಗೆ, ಅಂಚು ಅಲೆಯಲೆಯಾಗಿ ಅಗಲ. ಡೋರಿಯಾಪ್ಸಿಲ್ಲದ ಹೊದಿಕೆಯಲ್ಲಿ ಸುಣ್ಣದ ಸೂಜಿಗಳು ಹೆಣೆದುಕೊಂಡಿರುವುದರಿಂದ ಅದು ಬಿರುಸು.

ಇಲ್ಲೊಂದು ಕಠಿಣವಾದ ಪ್ರಶ್ನೆಯಿದೆ. ಇಲ್ಲದ ಹಲ್ಲನ್ನು ಬಂಧುತ್ವದ ಸಾಕ್ಷಿಯೆಂದು ಒಪ್ಪಬಹುದೇ? ದೂರದ ಸಂಬಂಧಿಯಾದ ಮೆಲಿಬೆಗೂ ರಾಡ್ಯುಲವಿಲ್ಲ. ಅದು ಬಲೆಯಂಥ ಬಾಯಿಮುಸುಕನ್ನು ಬೀಸಿ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ಅಂದರೆ ಹಲ್ಲು ಒಂದಕ್ಕಿಂತ ಹೆಚ್ಚು ಸಲ ನಷ್ಟವಾಗಿದೆ. ಇಲ್ಲದಿರುವುದು ಮಾತ್ರವಲ್ಲ, ಅದರ ಬದಲಿಗೆ ಇರುವುದು ಏನೆಂಬುದನ್ನೂ ನೋಡಬೇಕು. ಫಿಲ್ಲಿಡಿಯಾಗಳ ಕಿವಿರು ಬೆನ್ನಿನ ಮೇಲಿಲ್ಲ, ಹೊದಿಕೆಯ ಅಂಚಿನ ಕೆಳಗೆ ಎಲೆಗಳಂತೆ ಸಾಲಾಗಿದೆ; ಆದರೂ ಅವುಗಳ ಗಂಟಲು ಹೀರುನಳಿಗೆಯೇ. ವಾಲ್ಡೆಸ್ ಮತ್ತು ಗಾಸ್ಲಿನರ್ 1999ರಲ್ಲಿ ಹಲ್ಲಿಲ್ಲದ ಡೋರಿಸ್‌ಗಳ ವಂಶಾವಳಿಯನ್ನು ವಿವೇಚಿಸಿ, ಈ ಎರಡು ಕುಟುಂಬಗಳನ್ನೂ ಹತ್ತಿರದ ನೆಂಟರೆಂದು ನಿರ್ಣಯಿಸಿದರು. ಹೊರಗಿನ ಕಿವಿರಿಗಿಂತ ಒಳಗಿನ ಗಂಟಲು ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾಯಿತು.

ಎಲಿಯಟರ ಸಂಗ್ರಹದಲ್ಲಿದ್ದ ಡೋರಿಡಾಪ್ಸಿಸ್ ಮಿನಿಯಾಟ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿಗೆರೆಗಳಿರುವ ಪ್ರಾಣಿ, ಈಗ ಡೋರಿಯಾಪ್ಸಿಲ್ಲ ಮಿನಿಯಾಟ ಎನಿಸಿಕೊಂಡಿದೆ. ಕುಲ ಬದಲಾದುದರ ಗುರುತಾಗಿ ಗ್ರಂಥಗಳಲ್ಲಿ ಆಲ್ಡರ್ ಮತ್ತು ಹ್ಯಾನ್‌ಕಾಕ್ ಅವರ ಹೆಸರುಗಳನ್ನೂ 1864 ಎಂಬ ವರ್ಷವನ್ನೂ ಕಂಸದೊಳಗೆ ಬರೆಯುತ್ತಾರೆ.