ಬೀಗ ತೆರೆದವನಿಗೆ ಇನ್ನೂರು ಗಿನಿ!

ಲಂಡನ್ ನಗರದ ಪಿಕಡಿಲಿ ಬೀದಿಯಲ್ಲಿ ಬ್ರಾಮಾ ಮನೆತನದವರ ಬೀಗದ ಅಂಗಡಿಯೊಂದಿತ್ತು. ಅದರ ಗಾಜಿನ ಕಿಟಕಿಯಲ್ಲಿ ಒಂದು ಬೀಗ. ಬೀಗದೊಡನೆ ಒಂದು ಸವಾಲು. ಕೀಲಿಕೈಯಿಲ್ಲದೆ ಅದನ್ನು ತೆರೆಯಬಲ್ಲ ಸಲಕರಣೆಯನ್ನು ಮಾಡಿ ತೋರಿಸಿದ ಕುಶಲಕರ್ಮಿಗೆ ಇನ್ನೂರು ಗಿನಿಗಳ ಬಹುಮಾನ! ಜೋಸೆಫ್ ಬ್ರಾಮಾ ಈ ಬಗೆಯ ಬೀಗಕ್ಕೆ ಪೇಟೆಂಟು ಪಡೆದದ್ದು 1784ರಲ್ಲಿ. 1814ರಲ್ಲಿ ಅವನು ತೀರಿಕೊಂಡನು. ಅಂಗಡಿ ಮಕ್ಕಳ ಕೈಗೆ ಬಂದಿತು. ಕಿಟಕಿಯ ಬೀಗ ಮಾತ್ರ ಸೋಲನ್ನರಿಯದೆ ಅಲ್ಲಿಯೇ ಕುಳಿತಿತ್ತು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆಯೊಂದನ್ನು ಕಟ್ಟಿ, ನಾನಾ ದೇಶಗಳ ಕೈಗಾರಿಕಾ ವಸ್ತುಗಳ ಮಹಾಪ್ರದರ್ಶನವನ್ನು ಏರ್ಪಡಿಸಿದರು. ಅಮೆರಿಕದ ಬೀಗದ ಕಂಪನಿಯೊಂದರ ಪರವಾಗಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬಾತ ಅಲ್ಲಿಗೆ ಬಂದನು. ಆಗ ಇಂಗ್ಲೆಂಡಿನಲ್ಲಿ ಚಬ್ ಕಂಪನಿಯ ಬೀಗಕ್ಕೆ ದೊಡ್ಡ ಹೆಸರು. ಕಳ್ಳಗೀಲಿಯಿಂದ ಕೆಣಕಿದರೆ ಅದು ತಾನೇ ಬಿಗಿದುಕೊಂಡು, ತನ್ನನ್ನು ಯಾರೋ ಮುಟ್ಟಿದ್ದಾರೆಂದು ಒಡೆಯನಿಗೆ ಸುಳಿವು ಕೊಡುತ್ತಿತ್ತು. ಹಾಬ್ಸ್ ಅದನ್ನು ಸಾಕ್ಷಿಗಳ ಎದುರಿನಲ್ಲಿ ಸುಮಾರು 25 ನಿಮಿಷಗಳಲ್ಲಿ ತೆರೆದನು!

ಅನಂತರ ಅವನ ದೃಷ್ಟಿ ಪಿಕಡಿಲಿಯ ಕಿಟಕಿಯ ಮೇಲೆ ಬಿದ್ದಿತು. ಕರಾರು ಬರೆದುದಾಯಿತು, ಪಂಚರು ನೇಮಕವಾದರು, ಮೂವತ್ತು ದಿನಗಳ ಗಡುವು ದೊರೆಯಿತು. ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಹಾಬ್ಸ್ ಆ ಬೀಗವನ್ನೂ ತೆರೆದನು. ಬ್ರಾಮಾ ಕಂಪನಿಯವರು ಆಕ್ಷೇಪಗಳನ್ನು ಎತ್ತಿದರಾದರೂ ಕೊನೆಗೆ ಪಂಚರ ತೀರ್ಪಿಗೆ ತಲೆಬಾಗಿ ಇನ್ನೂರು ಗಿನಿಗಳನ್ನು ತೆತ್ತರು.

ಕಳ್ಳರಿಗೆ ಪಾಠವೆ?

ಬೀಗವನ್ನು ನಂಬಿ ನಿದ್ರಿಸುತ್ತಿದ್ದವರಿಗೆಲ್ಲ ಕಳವಳ ಹುಟ್ಟಿತು. ಬೀಗಗಳ ದೋಷವನ್ನು ಹೀಗೆ ಬಯಲು ಮಾಡುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೆ ಎಂದು ಹಲವರು ಕೇಳಿದರು. 1853ರಲ್ಲಿ ಪ್ರಕಟವಾದ ಹಾಬ್ಸನ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಕಳ್ಳರು ತಮ್ಮ ಕಸುಬಿನಲ್ಲಿ ಪಳಗಿದವರು. ಸಜ್ಜನರು ಅವರಿಗೆ ಹೊಸದಾಗಿ ಕಲಿಸಬೇಕಾದುದೇನೂ ಇಲ್ಲ. ದೋಷವನ್ನು ಅರಿಯದೆ ಮೋಸಹೋಗುವವನು ಬೀಗವನ್ನು ಕೊಂಡ ಗೃಹಸ್ಥನೇ. ಇದು ಅಲ್ಲಿನ ವಾದದ ಸಾರಾಂಶ.

ಕೆಲವೇ ವರ್ಷಗಳಲ್ಲಿ, ಹಾಬ್ಸ್ ಮೆರೆಸಿದ್ದ ಅಮೆರಿಕದ ಬೀಗವನ್ನೂ ಲೈನಸ್ ಯೇಲ್ ಎಂಬ ಅಮೆರಿಕನ್ನನೇ ತೆರೆದು ತೋರಿಸಿದನು. ಮುಂದೆ 1860ರ ದಶಕದಲ್ಲಿ ಆ ಯೇಲ್ ರೂಪಿಸಿದ ಬೀಗದ ಮಾದರಿ ಇಂದಿಗೂ ಅಸಂಖ್ಯ ಮನೆಗಳ ಬಾಗಿಲುಗಳನ್ನು ಕಾಯುತ್ತಿದೆ. ಒಬ್ಬನು ಕಟ್ಟಿದುದನ್ನು ಮತ್ತೊಬ್ಬನು ಪರೀಕ್ಷಿಸುತ್ತ ಬಂದುದರಿಂದಲೇ ಬೀಗದ ವಿದ್ಯೆ ಬೆಳೆಯಿತು.

ಅನುಮತಿ ಪಡೆದ ಆಕ್ರಮಣ

ಈಗ ಸಂಸಾರಸ್ಥರ ಉಳಿತಾಯದ ಹಣ, ಆಸ್ಪತ್ರೆಯ ದಾಖಲೆ, ಮಕ್ಕಳ ಅಂಕಪಟ್ಟಿ ಎಲ್ಲವೂ ಕಂಪ್ಯೂಟರುಗಳೊಳಗೆ ಸೇರಿವೆ. ಹಾಬ್ಸನ ಕೆಲಸವೂ ಅವುಗಳ ಹಿಂದೆಯೇ ಅಲ್ಲಿಗೆ ಹೋಗಿದೆ. ಇದನ್ನು ಎಥಿಕಲ್ ಹ್ಯಾಕಿಂಗ್ ಎನ್ನುತ್ತಾರೆ. ಒಡೆಯನ ಒಪ್ಪಿಗೆ ಪಡೆದು, ಶತ್ರುವಿನಂತೆ ಆಲೋಚಿಸಿ, ಅವನ ಕಂಪ್ಯೂಟರಿಗೆ ನುಗ್ಗಿ ನೋಡುವ ವಿದ್ಯೆ ಇದು.

ಚಿತ್ರದುರ್ಗದ ಕೋಟೆಗೆ ಏಳು ಸುತ್ತುಗಳಿದ್ದರೂ ಹೈದರಾಲಿಯ ಸೈನಿಕರು ನುಸುಳಲೆತ್ನಿಸಿದುದು ಒಂದು ಸಣ್ಣ ಕಿಂಡಿಯಲ್ಲಿ ಎಂಬ ಐತಿಹ್ಯವನ್ನು ವಾಚಕರು ಬಲ್ಲರು. ಆ ದಿನ ಒನಕೆ ಹಿಡಿದ ಓಬವ್ವ ಅಲ್ಲಿದ್ದಳು. ಎಲ್ಲ ಕಿಂಡಿಗಳ ಬಳಿಯೂ ಓಬವ್ವ ಇರುವುದಿಲ್ಲ; ಆದುದರಿಂದ ಶತ್ರುವಿಗೆ ಮೊದಲೇ ಕಿಂಡಿಯನ್ನು ಹುಡುಕಬೇಕಾಗುತ್ತದೆ.

ಈ ಹುಡುಕಾಟಕ್ಕೊಂದು ಕ್ರಮವುಂಟು. ಮೊದಲನೆಯದು ಲಿಖಿತ ಒಪ್ಪಂದ: ಯಾವ ಯಂತ್ರವನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಎಂದಿನಿಂದ ಎಂದಿನವರೆಗೆ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಎರಡನೆಯದು ಪರಿಚಯ: ಸಂಸ್ಥೆಯ ವಿಷಯವಾಗಿ ಹೊರಗೆ ದೊರೆಯುವ ವಿವರಗಳನ್ನೆಲ್ಲ ಕಲೆಹಾಕುವುದು. ಮೂರನೆಯದು ಬಾಗಿಲುಗಳನ್ನು ತಟ್ಟಿ ನೋಡುವುದು. ಕಂಪ್ಯೂಟರಿಗೆ ಪೋರ್ಟ್ ಎಂಬ ಬಾಗಿಲುಗಳುಂಟು. 0ಯಿಂದ 65,535ರವರೆಗೆ ಅವುಗಳಿಗೆ ಸಂಖ್ಯೆ. ಸುರಕ್ಷಿತ ಜಾಲಪುಟಗಳು ಸಾಮಾನ್ಯವಾಗಿ 443ನೆಯ ಬಾಗಿಲಿನಲ್ಲಿ ಓಡಾಡುತ್ತವೆ. ಮುಚ್ಚಿರಬೇಕಾದುದು ತೆರೆದಿದೆಯೆ ಎಂಬುದನ್ನು ಎನ್‌ಮ್ಯಾಪ್ ಎಂಬ ಸಾಧನದಿಂದ ಕಂಡುಕೊಳ್ಳುತ್ತಾರೆ.

ನಾಲ್ಕನೆಯದು ಪ್ರವೇಶ. ದುರಸ್ತಿ ಕಾಣದ ಹಳೆಯ ಸಾಫ್ಟ್‌ವೇರ್, ಕಾರ್ಖಾನೆಯಲ್ಲಿ ಇಟ್ಟಂತೆಯೇ ಉಳಿದ ಪಾಸ್‌ವರ್ಡ್ ಇಂಥವೇ ಇಲ್ಲಿ ಕಿಂಡಿಗಳು. ಒಳಗೆ ಹೋಗಬಹುದೆಂದು ರುಜುವಾತಾದೊಡನೆ ಪರೀಕ್ಷಕನು ನಿಲ್ಲಬೇಕು. ಕೊನೆಯದು ವರದಿ. ಕಂಡ ದೋಷವೇನು, ಅದರಿಂದ ಆಗಬಹುದಾದ ಹಾನಿಯೆಷ್ಟು, ಸರಿಪಡಿಸುವ ಬಗೆ ಯಾವುದು ಎಂದು ಒಡೆಯನಿಗೆ ಬರೆದು ಒಪ್ಪಿಸದಿದ್ದರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ಒಬ್ಬ ತಂದೆ, ಒಬ್ಬ ಮಗ

ಒಪ್ಪಂದಕ್ಕೆ ಇಷ್ಟು ಮಹತ್ವವೇಕೆ ಎಂಬುದಕ್ಕೆ ಅಮೆರಿಕದ ಒಂದು ಕುಟುಂಬದ ಕಥೆಯೇ ನಿದರ್ಶನ.

ತಂದೆ ರಾಬರ್ಟ್ ಮಾರಿಸ್ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಅವರೂ ಕೆನ್ ಥಾಂಪ್ಸನ್ ಅವರೂ ಕೂಡಿ 1979ರಲ್ಲಿ ಪಾಸ್‌ವರ್ಡುಗಳನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದರು. ಅದಕ್ಕಾಗಿ ಪರಿಶೀಲಿಸಿದ 3,289 ಪಾಸ್‌ವರ್ಡುಗಳಲ್ಲಿ ನೂರಕ್ಕೆ 86ರಷ್ಟು ತೀರ ಚಿಕ್ಕವು ಇಲ್ಲವೆ ನಿಘಂಟಿನಲ್ಲೇ ಸಿಗುವಂಥವು! ಈ ದೌರ್ಬಲ್ಯವನ್ನು ಲೋಕದ ಮುಂದಿಟ್ಟು, ಪಾಸ್‌ವರ್ಡುಗಳನ್ನು ಭದ್ರಪಡಿಸುವ ಉಪಾಯಗಳನ್ನೂ ಅವರು ತಿಳಿಸಿದರು.

ಮಗ ರಾಬರ್ಟ್ ಟಪ್ಪನ್ ಮಾರಿಸ್ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 1988ರ ನವೆಂಬರ್ 2ರಂದು, ತನ್ನ 22ನೆಯ ವಯಸ್ಸಿನಲ್ಲಿ, ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಬಲ್ಲ ಪುಟ್ಟ ಪ್ರೋಗ್ರಾಮೊಂದನ್ನು ಅವನು ಇಂಟರ್‌ನೆಟ್ಟಿಗೆ ಬಿಟ್ಟನು. ಸಾಫ್ಟ್‌ವೇರಿನ ಕಿಂಡಿಗಳಲ್ಲಿ ಅದು ನುಸುಳುತ್ತಿತ್ತು. 432 ಪದಗಳ ಪಟ್ಟಿಯೊಂದನ್ನು ಹಿಡಿದು ಪಾಸ್‌ವರ್ಡುಗಳನ್ನೂ ಊಹಿಸುತ್ತಿತ್ತು. ತಂದೆ ಎಚ್ಚರಿಸಿದ್ದ ದೌರ್ಬಲ್ಯವೇ ಮಗನಿಗೆ ದಾರಿಯಾಯಿತು. ಅದು ಯಾವ ಕಡತವನ್ನೂ ಅಳಿಸಲಿಲ್ಲ. ಆದರೆ ಲೆಕ್ಕಕ್ಕೆ ಮೀರಿ ಮರಿಹಾಕಿ, ಸುಮಾರು ಆರು ಸಾವಿರವೆಂದು ಅಂದಾಜಾದ ಕಂಪ್ಯೂಟರುಗಳನ್ನು ಹೊಕ್ಕು ಕುಂಟಿಸಿಬಿಟ್ಟಿತು. ಬಿಟ್ಟವನೂ ಅದನ್ನು ಹಿಂದಕ್ಕೆ ಕರೆಯಲಾರದೆ ಹೋದನು. ಆಗ ತಂದೆ ಸರ್ಕಾರದ ರಾಷ್ಟ್ರೀಯ ಕಂಪ್ಯೂಟರ್ ಸುರಕ್ಷಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದರು! ಆ ಮನೆಯ ಸಂಕಟವನ್ನು ಹೆತ್ತವರೇ ಬಲ್ಲರು.

1990ರಲ್ಲಿ ನ್ಯಾಯಾಲಯ ಮಗನಿಗೆ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ, 10,050 ಡಾಲರುಗಳ ದಂಡ ವಿಧಿಸಿತು. ಮುಂದೆ ಅವನು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾಗಿ ಗೌರವ ಗಳಿಸಿದನು. ತಂದೆಗೂ ಮಗನಿಗೂ ಪ್ರತಿಭೆಯಲ್ಲಿ ಅಂತರವಿರಲಿಲ್ಲ. ಆ ಒಂದು ರಾತ್ರಿ ಮಗನ ಬಳಿ ಯಾರ ಅನುಮತಿಯೂ ಇರಲಿಲ್ಲ, ಅಷ್ಟೇ.

ಗರಡಿಯ ನಿಯಮ

ಭಾರತದ ಕಾನೂನಿಗೂ ಈ ಭೇದವೇ ಆಧಾರ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನಂತೆ, ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸಿದವನು ಪರಿಹಾರ ತೆರಬೇಕಾಗುತ್ತದೆ. ಅದನ್ನೇ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಬರಿಯ ಕುತೂಹಲಕ್ಕೆ ನೆರೆಮನೆಯ ವೈಫೈಗೆ ನುಗ್ಗುವ ಹುಡುಗನೂ ಇದನ್ನು ತಿಳಿದಿರಬೇಕು.

ಹಾಗೆಂದು ಮಕ್ಕಳ ಆಸಕ್ತಿಯನ್ನು ಹೆತ್ತವರು ಚಿವುಟಬೇಕಾಗಿಲ್ಲ. ಪೈಲ್ವಾನನು ವರಸೆಗಳನ್ನು ಕಲಿಯುವುದು ಗರಡಿಯ ಮಣ್ಣಿನಲ್ಲಿ, ದಾರಿಹೋಕರ ಮೇಲಲ್ಲ. ಈ ವಿದ್ಯೆಗೂ ಅಂಥ ಗರಡಿಗಳಿವೆ. ಸ್ವಂತ ಕಂಪ್ಯೂಟರಿನೊಳಗೇ ವರ್ಚುವಲ್ ಯಂತ್ರವೆಂಬ ಮತ್ತೊಂದು ಕಂಪ್ಯೂಟರನ್ನು ಸೃಷ್ಟಿಸಬಹುದು. ಅದರಲ್ಲಿ ಮೆಟಾಸ್ಪ್ಲಾಯಿಟಬಲ್, ವೆಬ್‌ಗೋಟ್ ಮೊದಲಾದ, ಅಭ್ಯಾಸಕ್ಕೆಂದೇ ಬೇಕೆಂದು ದೋಷವಿಟ್ಟು ರಚಿಸಿದ ವ್ಯವಸ್ಥೆಗಳನ್ನು ಸ್ಥಾಪಿಸಿ, ಹೊರಜಾಲದ ಸಂಪರ್ಕ ತಪ್ಪಿಸಿ, ಬೇಕಾದಷ್ಟು ಸಲ ಮುರಿದು ನೋಡಬಹುದು. ಆದರೆ ಮುರಿಯುವ ಮುನ್ನ ಕಟ್ಟಡದ ರೀತಿ ತಿಳಿದಿರಬೇಕು. ಜಾಲಗಳು ಮಾತನಾಡುವ ಕ್ರಮ, ಲಿನಕ್ಸ್, ಒಂದಾದರೂ ಪ್ರೋಗ್ರಾಮಿಂಗ್ ಭಾಷೆ ಇವಿಷ್ಟು ಬಾರದವನಿಗೆ ಸಾಧನಗಳು ಕೈಗೆ ಸಿಕ್ಕರೂ ವಿದ್ಯೆ ದಕ್ಕದು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಆ ಬಾಗಿಲು ತೆರೆದಿರುವುದನ್ನು ಸೂರೆಗೆ ಮುನ್ನವೇ ಕಂಡು ಕೋಟೆಯವರಿಗೆ ಹೇಳಬಲ್ಲವರು ಇಂದು ಎಲ್ಲ ಕಡೆಯೂ ಬೇಕಾಗಿದ್ದಾರೆ. ಹಾಬ್ಸನ ಕೈಗೆ ಇನ್ನೂರು ಗಿನಿಗಳನ್ನು ಎಣಿಸಿಕೊಟ್ಟವರು ಬೀಗದ ಒಡೆಯರೇ ಆಗಿದ್ದರೆಂಬುದನ್ನು ಈ ದಾರಿ ಹಿಡಿಯುವ ತರುಣ ತರುಣಿಯರು ಮರೆಯದಿರಲಿ.